ಬೇತಾಳನ ಊರು ಪೈಠಣ, ಮತ್ತು ಬೂದಿ ಕಾದವನ ಕಥೆ

ವಿಕ್ರಮ-ಬೇತಾಳನ ಕಥೆ ಗೊತ್ತಿಲ್ಲದ ಕನ್ನಡಿಗ ಇರಲಿಕ್ಕಿಲ್ಲ. ಚಂದಮಾಮ ಓದಿ ಬೆಳೆದವರಿಗಂತೂ ಶಂಕರ್ ಬರೆಯುತ್ತಿದ್ದ ಆ ಚಿತ್ರ, ಕತ್ತಿ ಹಿಡಿದ ರಾಜ, ಹೆಗಲ ಮೇಲೆ ಜೋತುಬಿದ್ದ ಹೆಣ, ಕಣ್ಣು ಮುಚ್ಚಿದರೂ ಕಾಣುತ್ತದೆ. 1985ರಲ್ಲಿ ರಮಾನಂದ ಸಾಗರ್ ಇದನ್ನೇ ದೂರದರ್ಶನಕ್ಕೆ ತಂದರು. ಅರುಣ್ ಗೋವಿಲ್ ರಾಮನಾಗುವುದಕ್ಕೆ ಮೊದಲು ಹೆಣ ಹೊತ್ತ ವಿಕ್ರಮನಾಗಿದ್ದರು ಅನ್ನುವುದು ಈಗಿನ ಹುಡುಗರಿಗೆ ಗೊತ್ತಿಲ್ಲ.

ಈ ರಾಜನನ್ನು ನಾವೆಲ್ಲ ಉಜ್ಜಯಿನಿಯ ವಿಕ್ರಮಾದಿತ್ಯ ಅಂದುಕೊಂಡಿದ್ದೇವೆ. ಆದರೆ 11ನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವ ಬರೆದ ಕಥಾಸರಿತ್ಸಾಗರವನ್ನು ತೆಗೆದು ನೋಡಿ. ಅಲ್ಲಿ ಹೆಣ ಹೊರುವ ರಾಜನ ಹೆಸರು ತ್ರಿವಿಕ್ರಮಸೇನ. ಅವನ ರಾಜಧಾನಿ ಗೋದಾವರಿ ದಡದ ಪ್ರತಿಷ್ಠಾನ. ಅಂದರೆ ನಮ್ಮ ಪೈಠಣ! ಸಂಭಾಜಿನಗರದಿಂದ (ನಮ್ಮಂಥ ಹಳಬರ ಬಾಯಲ್ಲಿ ಇನ್ನೂ ಔರಂಗಾಬಾದ್) ಬಸ್ ಹತ್ತಿದರೆ ಸುಮಾರು 50 ಕಿಲೋಮೀಟರ್. ಇಲ್ಲಿಯ ಕನ್ನಡದ ಮನೆಗಳವರು ಪೈಠಣಕ್ಕೆ ಹೋಗುವುದು ಎರಡೇ ಕಾರಣಕ್ಕೆ, ಸೀರೆಗೆ ಮತ್ತು ಜಾಯಕವಾಡಿ ಡ್ಯಾಮ್ ನೋಡಲಿಕ್ಕೆ. ಬೇತಾಳನ ನೆನಪು ಯಾರಿಗೂ ಬರುವುದಿಲ್ಲ.

ಈ ವಿಷಯ ತಲೆಗೆ ಬಂದದ್ದು ಸಿನಿಮಾದಿಂದ. ಸತ್ತವರು ಎದ್ದು ಬರುವ ಜೋಂಬಿ ಸಿನಿಮಾಗಳನ್ನು ಮನೆಯ ಹುಡುಗರು ನಗುತ್ತ ನೋಡುತ್ತಾರೆ. ಮರಾಠಿಯಲ್ಲೂ 2022ರಲ್ಲಿ 'ಜೋಂಬಿವಲಿ' ಬಂತು, ಡೊಂಬಿವಲಿಯಲ್ಲಿ ಹೆಣಗಳ ಗಲಾಟೆ. 2014ರ ಒಂದು ಅಮೆರಿಕನ್ ಸಿನಿಮಾ ಇದೆ, 'ಲೈಫ್ ಆಫ್ಟರ್ ಬೆತ್' ಅಂತ. ಹಾವು ಕಚ್ಚಿ ಸತ್ತ ಹುಡುಗಿ ಮನೆಗೆ ವಾಪಸ್ ಬರುತ್ತಾಳೆ. ಅಳುತ್ತಿದ್ದ ಪ್ರೇಮಿಗೆ ಸ್ವರ್ಗ ಸಿಕ್ಕಂತಾಗುತ್ತದೆ. ಆಮೇಲೆ ಅವಳು ದಿನದಿನಕ್ಕೂ ಅವಳಾಗಿ ಉಳಿಯುವುದಿಲ್ಲ. ಅವನು ಎರಡನೆಯ ಸಲ ಅವಳನ್ನು ಕಳೆದುಕೊಳ್ಳಬೇಕಾಗುತ್ತದೆ. ನಗು, ಪ್ರೇಮ, ದುಃಖ, ಹೆಣ ಎಲ್ಲ ಒಂದೇ ಪಾತ್ರೆಯಲ್ಲಿ. ಇದೇನೋ ಹೊಸ ತರಹ ಅಂತ ಹುಡುಗರು ಹೇಳುತ್ತಾರೆ. ಹೊಸದೇನಲ್ಲ ಮಾರಾಯರೇ, ಪೈಠಣದ ಸ್ಮಶಾನದಲ್ಲಿ ಇದು ಯಾವಾಗಲೋ ಆಗಿಹೋಗಿದೆ.

ಒಂದು ವ್ಯತ್ಯಾಸ ಇದೆ ಅನ್ನಿ. ಜೋಂಬಿ ಅಂದರೆ ದೇಹ ಇದೆ, ಬುದ್ಧಿ ಇಲ್ಲ. ಬೇತಾಳ ತದ್ವಿರುದ್ಧ. ಯಾರದೋ ಹೆಣದೊಳಗೆ ಹೊಕ್ಕು ಕುಳಿತಿರುತ್ತದೆ, ಆದರೆ ಬುದ್ಧಿ ಹೈಕೋರ್ಟ್ ವಕೀಲರದ್ದು. ರಿಚರ್ಡ್ ಬರ್ಟನ್ 1870ರಲ್ಲಿ ಈ ಕಥೆಗಳನ್ನು ಇಂಗ್ಲಿಷಿಗೆ ತಂದಾಗ ಬೇತಾಳನನ್ನು 'ವ್ಯಾಂಪೈರ್' ಅಂತ ಕರೆದುಬಿಟ್ಟ. ಪಾಪ, ನಮ್ಮ ಬೇತಾಳ ಯಾರ ರಕ್ತವನ್ನೂ ಕುಡಿದಿದ್ದಲ್ಲ, ತಲೆ ತಿಂದಿದ್ದು ಮಾತ್ರ ನಿಜ.

ಈಗ ಸ್ವಲ್ಪ ಇತಿಹಾಸ. ನಾನು ಬಿ.ಕಾಂ. ಓದಿದವನು, ಇತಿಹಾಸ ಪಂಡಿತನಲ್ಲ. ಆದರೆ 25 ವರ್ಷಕ್ಕೂ ಹೆಚ್ಚು ಈ ನದಿಯ ಆಸುಪಾಸಿನಲ್ಲೇ ನೌಕರಿ ಮಾಡಿದ್ದರಿಂದ ಓದುತ್ತ ಬಂದಿದ್ದೇನೆ.

ಪ್ರತಿಷ್ಠಾನ ಶಾತವಾಹನರ ರಾಜಧಾನಿ. ಗ್ರೀಕ್ ಹಡಗಿನವರ ಕೈಪಿಡಿ 'ಪೆರಿಪ್ಲಸ್'ನಲ್ಲಿ, ಭರೂಚದಿಂದ ದಕ್ಷಿಣಕ್ಕೆ 20 ದಿನದ ದಾರಿ ಅಂತ ಇದರ ಹೆಸರು ಬರುತ್ತದೆ. ಟಾಲೆಮಿಯ ಭೂಗೋಳದಲ್ಲೂ ಪುಲುಮಾವಿ ರಾಜನ ಊರು ಅಂತ ಇದೆ. ಶಾತವಾಹನರು ನಮಗೂ ದೂರದವರಲ್ಲ. ಕಲಬುರಗಿ ಜಿಲ್ಲೆಯ ಸನ್ನತಿ-ಕನಗನಹಳ್ಳಿಯ ಸ್ತೂಪದಲ್ಲಿ ಆ ರಾಜರ ಹೆಸರು ಕೆತ್ತಿದ ಶಿಲ್ಪಗಳು ಸಿಕ್ಕಿವೆ. ಹಾಲರಾಜ ಕೂಡಿಸಿದ ಗಾಥಾಸಪ್ತಶತಿ, ಊರು ಬಿಟ್ಟು ಹೋದ ಗಂಡಂದಿರನ್ನು ಕಾಯುವ ಹೆಂಗಸರ ಪದ್ಯಗಳೇ ತುಂಬಿರುವ ಪ್ರಾಕೃತ ಸಂಕಲನ, ಅದರಲ್ಲಿ 'ತುಪ್ಪ'ದಂಥ ಕನ್ನಡ ಪದಗಳನ್ನು ವಿದ್ವಾಂಸರು ಗುರುತಿಸಿದ್ದಾರೆ. ವಿರಹದ ಪುಸ್ತಕದಲ್ಲಿ ತುಪ್ಪ! ವಲಸೆ ಬಂದವರಿಗೆ ಇದು ಅರ್ಥವಾಗುತ್ತದೆ.

ಈ ಮನೆತನದ ದುಃಖವೂ ಕಲ್ಲಿನ ಮೇಲೆ ಉಳಿದಿದೆ. ನಾಶಿಕದ ಪಾಂಡವಲೇಣಿಯ 3ನೆಯ ಗುಹೆಗೆ ಹೋಗಿದ್ದೀರಾ? ಅದನ್ನು ದಾನ ಕೊಟ್ಟವಳು ಗೌತಮೀ ಬಲಶ್ರೀ, ಗೌತಮೀಪುತ್ರ ಶಾತಕರ್ಣಿಯ ತಾಯಿ. ಶಾಸನ ಹಾಕಿಸಿದ್ದು ಮೊಮ್ಮಗ ಪುಲುಮಾವಿಯ ಆಳ್ವಿಕೆಯ 19ನೆಯ ವರ್ಷದಲ್ಲಿ. ಅಷ್ಟರಲ್ಲಿ ಮಗ ತೀರಿಹೋಗಿದ್ದ ಅನ್ನುವುದು ಹೆಚ್ಚಿನ ಇತಿಹಾಸಕಾರರ ಅಭಿಪ್ರಾಯ. ಮುದುಕಿ ಸತ್ತ ಮಗನ ಗುಣಗಾನ ಮಾಡುತ್ತಾಳೆ. ಶಕರನ್ನು, ಯವನರನ್ನು, ಪಹ್ಲವರನ್ನು ಸೋಲಿಸಿದ, ಅವನ ಕುದುರೆಗಳು ಮೂರು ಸಮುದ್ರದ ನೀರು ಕುಡಿದವು, ಹೀಗೆ ಸಾಲು ಸಾಲು ಪರಾಕ್ರಮ. ಅದೇ ಪಟ್ಟಿಯಲ್ಲಿ, ತಾಯಿಯ ಸೇವೆಯಲ್ಲಿ ಎಂದೂ ತಪ್ಪದವನು ಅನ್ನುವ ಮಾತೂ ಸೇರಿಕೊಂಡಿದೆ. ಶಾಲೆಯ ಪುಸ್ತಕದಲ್ಲಿ ಕುದುರೆಗಳ ಮಾತು ಬರುತ್ತದೆ, ಈ ಮಾತು ಬರುವುದಿಲ್ಲ. ನನ್ನ ಮಟ್ಟಿಗೆ ಆ ಶಾಸನದ ಮುಖ್ಯ ಮಾತು ಇದೇ.

ಕಥೆಗಳ ಮೂಲಕ್ಕೆ ಬರೋಣ. ಸೋಮದೇವ ತನ್ನ ಪುಸ್ತಕದ ಬೇರು ಗುಣಾಢ್ಯನ ಬೃಹತ್ಕಥೆ ಅನ್ನುತ್ತಾನೆ. ಬೇತಾಳನ ಕಥೆಗಳು ಆ ಮೂಲದಲ್ಲೇ ಇದ್ದವೋ, ನಂತರ ಸೇರಿದವೋ ಅಂತ ಪಂಡಿತರಲ್ಲಿ ವಾದ ಇದೆ. ಅದು ಅವರಿಗೆ ಬಿಟ್ಟದ್ದು. ಗುಣಾಢ್ಯನ ಕಥೆ ಮಾತ್ರ ಪ್ರತಿಷ್ಠಾನದ್ದೇ, ಮತ್ತು ಶುರುವಾಗುವುದು ತಮಾಷೆಯಿಂದ. ಶಾತವಾಹನ ರಾಜ ರಾಣಿಯರೊಡನೆ ನೀರಾಟ ಆಡುತ್ತಿದ್ದ. ಒಬ್ಬ ರಾಣಿ ಸಂಸ್ಕೃತದಲ್ಲಿ "ಮೋದಕೈಃ" ಅಂದಳು. 'ನೀರು ಎರಚಬೇಡ' ಅಂತ ಅರ್ಥ. ರಾಜನಿಗೆ ಸಂಧಿ ಬಿಡಿಸಲಿಕ್ಕೆ ಬರಲಿಲ್ಲ, ಕಡುಬು-ಮೋದಕ ತರಿಸಿದ! ರಾಣಿ ನಕ್ಕಳು, ರಾಜ ಮುಖ ಸಣ್ಣದು ಮಾಡಿಕೊಂಡು ಮಲಗಿದ. ಸಂಸ್ಕೃತ ಕಲಿಸಲಿಕ್ಕೆ 6 ವರ್ಷ ಬೇಕು ಅಂದ ಗುಣಾಢ್ಯ, 6 ತಿಂಗಳು ಸಾಕು ಅಂದ ಶರ್ವವರ್ಮ. ಹಾಗಾದರೆ ನಾನು ಸಂಸ್ಕೃತ, ಪ್ರಾಕೃತ, ದೇಶಭಾಷೆ ಮೂರನ್ನೂ ಬಿಡುತ್ತೇನೆ ಅಂತ ಗುಣಾಢ್ಯ ಪಣ ಕಟ್ಟಿದ. ಸೋತ. ಕಾತಂತ್ರ ವ್ಯಾಕರಣ ಹುಟ್ಟಿದ್ದು ಹೀಗೆ ಅಂತ ಕಥೆ.

ಮೂರು ಭಾಷೆ ಕಳೆದುಕೊಂಡವನಿಗೆ ಉಳಿದಿದ್ದು ಪಿಶಾಚಿಗಳ ಭಾಷೆ, ಪೈಶಾಚಿ. ಕಾಡಿಗೆ ಹೋಗಿ 7 ವರ್ಷ ಕುಳಿತು 7 ಲಕ್ಷ ಶ್ಲೋಕ ಬರೆದ. ಮಸಿ ಇಲ್ಲ ಅಂತ ತನ್ನ ರಕ್ತದಲ್ಲೇ ಬರೆದ. ಶಿಷ್ಯರು ರಾಜನ ಬಳಿ ಒಯ್ದರೆ, ಇದೇನು ಪಿಶಾಚಿ ಭಾಷೆ, ರಕ್ತದ ಅಕ್ಷರ ಅಂತ ರಾಜ ವಾಪಸ್ ಕಳಿಸಿದ. ಗುಣಾಢ್ಯ ಒಂದು ಗುಡ್ಡದ ಮೇಲೆ ಬೆಂಕಿ ಹಾಕಿ, ಒಂದೊಂದೇ ಹಾಳೆ ಓದಿ ಬೆಂಕಿಗೆ ಹಾಕುತ್ತ ಹೋದ. ಸುತ್ತ ನಿಂತ ಮೃಗಪಕ್ಷಿಗಳು ಮೇವು ಬಿಟ್ಟು ಕಣ್ಣೀರು ಹಾಕುತ್ತ ಕೇಳಿದವು. ಅತ್ತ ರಾಜನಿಗೆ ಕಾಯಿಲೆ. ವೈದ್ಯರು ನೋಡಿ, ಒಣಕಲು ಮಾಂಸ ತಿಂದಿದ್ದರಿಂದ ಅಂದರು. ಅಡಿಗೆಯವರು ಬೇಟೆಗಾರರನ್ನು ಬೈದರು. ಬೇಟೆಗಾರರು, "ಏನು ಮಾಡೋಣ, ಕಾಡಿನಲ್ಲಿ ಒಬ್ಬ ಬ್ರಾಹ್ಮಣ ಕಥೆ ಹೇಳಿ ಹಾಳೆ ಸುಡುತ್ತಿದ್ದಾನೆ, ಪ್ರಾಣಿಗಳೆಲ್ಲ ಉಪವಾಸ" ಅಂದರು. ರಾಜ ಓಡಿಹೋಗುವಷ್ಟರಲ್ಲಿ 6 ಲಕ್ಷ ಸುಟ್ಟು, ಒಂದು ಲಕ್ಷ ಉಳಿದಿತ್ತು. ಕರುಳು ಹಿಂಡುವ ಕಥೆಯ ನಡುವೆ ಈ ಒಣ ಮಾಂಸದ ಜೋಕ್ ಇಟ್ಟವನು ಸಾಮಾನ್ಯನಲ್ಲ.

ಅಂದ ಹಾಗೆ ಬೃಹತ್ಕಥೆ ನಮ್ಮ ಕಡೆಗೂ ಬೇಗನೇ ಬಂತು. ಗಂಗರ ದೊರೆ ದುರ್ವಿನೀತ ಅದನ್ನು ಸಂಸ್ಕೃತಕ್ಕೆ ತಂದ ಅಂತ ಗುಮ್ಮರೆಡ್ಡಿಪುರದ ಶಾಸನ ಹೇಳುತ್ತದೆ. ಕಲ್ಯಾಣ ಚಾಲುಕ್ಯರ ಕಾಲದ ದುರ್ಗಸಿಂಹ ತನ್ನ ಕನ್ನಡ ಪಂಚತಂತ್ರದಲ್ಲಿ (ಸುಮಾರು 1031) ಶಾಲಿವಾಹನನ ಆಸ್ಥಾನದ ಗುಣಾಢ್ಯನನ್ನು ನೆನೆಯುತ್ತಾನೆ.

ಇನ್ನು ನಾನು ಹೇಳಬೇಕೆಂದಿದ್ದ ಕಥೆ. ಬೇತಾಳ ಹೇಳುವ ಎರಡನೆಯ ಕಥೆ ಇದು.

ಯಮುನೆಯ ದಡದ ಒಂದು ಅಗ್ರಹಾರದಲ್ಲಿ ಅಗ್ನಿಸ್ವಾಮಿಯ ಮಗಳು ಮಂದಾರವತಿ. ಅವಳನ್ನು ಕೇಳಿಕೊಂಡು ಮೂವರು ವರಗಳು ಬಂದರು. ಮೂವರೂ ಸಮಾನರು. ಅವಳನ್ನು ಇನ್ನೊಬ್ಬನಿಗೆ ಕೊಟ್ಟರೆ ನಾನು ಸಾಯುತ್ತೇನೆ ಅಂತ ಪ್ರತಿಯೊಬ್ಬನೂ. ಉಳಿದಿಬ್ಬರ ಸಾವಿಗೆ ಹೆದರಿ ತಂದೆ ಯಾರಿಗೂ ಕೊಡಲಿಲ್ಲ. ಹುಡುಗರು ಅಲ್ಲೇ ಠಿಕಾಣಿ ಹೂಡಿದರು. ಒಂದು ದಿನ ಹುಡುಗಿಗೆ ವಿಪರೀತ ಜ್ವರ ಬಂತು, ಸತ್ತಳು.

ಮೂವರೂ ಸೇರಿ ಸುಟ್ಟರು. ಒಬ್ಬ ಆ ಸ್ಮಶಾನದಲ್ಲೇ ಗುಡಿಸಲು ಹಾಕಿ, ಅವಳ ಬೂದಿಯನ್ನೇ ಹಾಸಿಗೆ ಮಾಡಿಕೊಂಡು, ಭಿಕ್ಷೆ ಬೇಡಿ ಬದುಕಿದ. ಎರಡನೆಯವನು ಮೂಳೆ ಕಟ್ಟಿಕೊಂಡು ಗಂಗೆಗೆ ಹೋದ. ಮೂರನೆಯವನು ಬೈರಾಗಿಯಾಗಿ ದೇಶ ಸುತ್ತಲು ಹೊರಟ.

ಬೈರಾಗಿ ಒಂದು ಊರಿನಲ್ಲಿ ಒಬ್ಬ ಬ್ರಾಹ್ಮಣನ ಮನೆಗೆ ಊಟಕ್ಕೆ ಕುಳಿತಿದ್ದಾನೆ. ಮಗು ಹಟ ಹಿಡಿದು ಅಳುತ್ತಿದೆ. ಮನೆಯಾಕೆ ಸಿಟ್ಟಿನಲ್ಲಿ ಮಗುವನ್ನು ಎತ್ತಿ ಬೆಂಕಿಗೆ ಎಸೆದುಬಿಟ್ಟಳು! ಇವನು ಹೌಹಾರಿ, ರಾಕ್ಷಸರ ಮನೆಯಲ್ಲಿ ಉಣ್ಣುವುದಿಲ್ಲ ಅಂತ ಎದ್ದ. ಯಜಮಾನ, "ಕೂತ್ಕೊಳ್ಳಿ, ಅಂಥದ್ದೇನೂ ಆಗಿಲ್ಲ" ಅನ್ನುವ ಹಾಗೆ ಒಂದು ಪುಸ್ತಕ ತೆಗೆದು, ಮಂತ್ರ ಓದಿ, ಬೂದಿಯ ಮೇಲೆ ಚಿಟಿಕೆ ಧೂಳು ಹಾಕಿದ. ಮಗು ಎದ್ದು ಬಂತು. ಆ ರಾತ್ರಿ ನಮ್ಮ ಬೈರಾಗಿ ಪುಸ್ತಕ ಕದ್ದು ಓಡಿದ.

ಮೂವರೂ ಮತ್ತೆ ಸ್ಮಶಾನದಲ್ಲಿ ಸೇರಿದರು. ಮಂತ್ರ ಓದಿದರು. ಮಂದಾರವತಿ ಮೊದಲಿಗಿಂತ ಚೆಲುವೆಯಾಗಿ ಎದ್ದಳು. ಮುಂದೆ? ಜಗಳ. ನನ್ನ ಮಂತ್ರದಿಂದ ಎದ್ದಳು ಅಂತ ಒಬ್ಬ, ನನ್ನ ತೀರ್ಥಯಾತ್ರೆಯ ಪುಣ್ಯ ಅಂತ ಇನ್ನೊಬ್ಬ, ಬೂದಿ ಕಾದವನು ನಾನು ಅಂತ ಮತ್ತೊಬ್ಬ. ಅವಳು ಸಲ್ಲಬೇಕಾದ್ದು ಯಾರಿಗೆ?

ಹೆಗಲ ಮೇಲಿನ ಹೆಣ ಇಷ್ಟು ಕೇಳುತ್ತದೆ. ಬಾಯಿ ಬಿಟ್ಟರೆ ಹೆಣ ಮರಕ್ಕೆ ವಾಪಸ್, ಉತ್ತರ ಗೊತ್ತಿದ್ದೂ ಬಾಯಿ ಬಿಡದಿದ್ದರೆ ತಲೆ ಹೋಳು. ತ್ರಿವಿಕ್ರಮಸೇನ ತೀರ್ಪು ಕೊಟ್ಟ: ಜೀವ ಕೊಟ್ಟವನು ತಂದೆಯ ಕೆಲಸ ಮಾಡಿದ, ಮೂಳೆ ಗಂಗೆಗೆ ಒಯ್ದವನು ಮಗನ ಕೆಲಸ ಮಾಡಿದ, ಬೂದಿಯ ಮೇಲೆ ಮಲಗಿದವನೇ ಗಂಡ.

ಮಂದಾರವತಿಯನ್ನು ಯಾರೂ ಕೇಳಲಿಲ್ಲ, ಅದೊಂದು ಕೊರತೆ. ನನ್ನ ಮಗಳಿಗೆ ಹೇಳಿದಾಗ ಅವಳು ಮೊದಲು ಕೇಳಿದ್ದು ಅದನ್ನೇ. ಆದರೂ ಈ ತೀರ್ಪು ನನಗೆ ಒಪ್ಪಿಗೆ. ಯಾಕೆ ಅಂದರೆ, ಮೂವರಲ್ಲಿ ಅತ್ಯಂತ ಉಪಯೋಗವಿಲ್ಲದ ಕೆಲಸ ಮಾಡಿದವನಿಗೆ ರಾಜ ಅವಳನ್ನು ಕೊಡುತ್ತಾನೆ. ಒಬ್ಬ ಜೀವ ತಂದ, ಒಬ್ಬ ಸದ್ಗತಿ ತಂದ. ಇವನು ಏನೂ ತರಲಿಲ್ಲ, ಎಲ್ಲಿಗೂ ಹೋಗಲಿಲ್ಲ.

ಬ್ಯಾಂಕಿನವನಾಗಿ ಓದಿದರೆ ಇದು ಡಿಸೀಸ್ಡ್ ಕ್ಲೇಮ್ ಕಥೆ. ಕೌಂಟರಿಗೆ ಮೂವರು ಬರುತ್ತಾರೆ, ಮೂವರ ಕೈಯಲ್ಲೂ ಒಂದೊಂದು ಕಾಗದ. ನಾಮಿನಿ ಅಂದರೆ ದುಡ್ಡಿನ ಒಡೆಯ ಅಲ್ಲ, ವಾರಸುದಾರರ ಪರವಾಗಿ ಪಡೆಯುವವನು ಅಷ್ಟೇ ಅಂತ ಸುಪ್ರೀಂ ಕೋರ್ಟ್ 2010ರಲ್ಲಿ ಬ್ಯಾಂಕ್ ಠೇವಣಿಯ ಕೇಸಿನಲ್ಲೇ ಹೇಳಿದೆ. ಅದನ್ನು ತಿಳಿಸಿ ಹೇಳುವಷ್ಟರಲ್ಲಿ ಮಧ್ಯಾಹ್ನದ ಊಟ ತಪ್ಪುತ್ತದೆ. ನವೆಂಬರ್ ಬಂದರೆ ಇನ್ನೊಂದು ಕಥೆ. ಪಿಂಚಣಿದಾರರು ಎದುರಿಗೆ ನಿಂತು ತಾವು ಬದುಕಿದ್ದೇವೆ ಅಂತ ಸಾಬೀತು ಮಾಡಬೇಕು. 2014ರಿಂದ ಜೀವನ್ ಪ್ರಮಾಣ್ ಅಂತ ಡಿಜಿಟಲ್ ವ್ಯವಸ್ಥೆ ಇದೆ. ಬೆರಳಚ್ಚು ಮೂಡದ ಅಜ್ಜಿಯನ್ನು ಯಂತ್ರ ಒಪ್ಪುವುದಿಲ್ಲ, "ಸತ್ತಿದೀನಾ ನಾನು?" ಅಂತ ಅಜ್ಜಿ ನಗುತ್ತಾಳೆ. ಕಾಗದದಲ್ಲಿ ಸತ್ತು ನಿಜದಲ್ಲಿ ಬದುಕಿದ್ದ ಆಜಮ್‌ಗಢದ ಲಾಲ್ ಬಿಹಾರಿ ಅಂತೂ ಕಡತದಲ್ಲಿ ಮರಳಿ ಜೀವ ಪಡೆದದ್ದು 1994ರಲ್ಲಿ. 'ಮೃತಕ್ ಸಂಘ' ಕಟ್ಟಿ ಹೋರಾಡಿದ ಮನುಷ್ಯ.

ನಮ್ಮದು ಜಂಟಿ ಖಾತೆ, 'ಐದರ್ ಆರ್ ಸರ್ವೈವರ್'. ಇಬ್ಬರಲ್ಲಿ ಯಾರಾದರೂ, ಅಥವಾ ಉಳಿದವರು. ಖಾತೆ ತೆಗೆಯುವಾಗ ಹೆಂಡತಿ ಫಾರ್ಮ್ ಓದಿ, "ಉಳಿಯೋರು ಯಾರು ಅಂತ ನೋಡೋಣಂತ ತಗೋರಿ" ಅಂತ ನಕ್ಕಿದ್ದಳು. ಅವಳು ಹೋದಾಗ ನಾವು ನಾಶಿಕದಲ್ಲಿದ್ದೆವು. ಅಸ್ಥಿ ರಾಮಕುಂಡದಲ್ಲಿ ಬಿಟ್ಟದ್ದು ಮಗ. ಅಣ್ಣ, ಅಂದರೆ ಅವಳ ಅಣ್ಣ, ಯಾವ್ಯಾವುದೋ ಕ್ಷೇತ್ರ ಸುತ್ತಿ ಬಂದರು. ನನಗೆ ಉಳಿದಿದ್ದು ಕಾಗದದ ಕೆಲಸ. ದಿನಾ ಬೇರೆಯವರಿಗೆ ಆ ಫಾರ್ಮ್ ತುಂಬಿಸುವವನಿಗೆ ತನ್ನದು ತುಂಬಲಿಕ್ಕೆ 14 ತಿಂಗಳು ಬೇಕಾಯಿತು. ಅಷ್ಟು ದಿನ ಪಾಸ್‌ಬುಕ್ ಪ್ರಿಂಟ್ ಹಾಕಿಸಿದಾಗಲೆಲ್ಲ ಎರಡೂ ಹೆಸರು ಬರುತ್ತಿದ್ದವು. ಬೂದಿಯ ಮೇಲೆ ಮಲಗುವುದು ಅಂದರೆ ನನ್ನ ಮಟ್ಟಿಗೆ ಹೀಗೆ.

ಬೇತಾಳನ ನಿಯಮವೂ ಆಗ ಬೇರೆ ತರಹ ಕಂಡಿತು. ಹೊತ್ತುಕೊಂಡು ಸುಮ್ಮನೆ ನಡೆದರೆ ದಾರಿ ಸಾಗುತ್ತದೆ. ಯಾರೋ ಏನೋ ಕೇಳಿದರು, ನಾವು ಬಾಯಿ ಬಿಟ್ಟೆವು, ಮತ್ತೆ ಮೊದಲಿನ ಮರದ ಬುಡಕ್ಕೆ. ಮನೆಗೆ ಮಾತಾಡಿಸಲಿಕ್ಕೆ ಬಂದವರೆಲ್ಲ ಹೋದ ಮೇಲೆ ಎಷ್ಟು ಸಲ ಹೀಗಾಗಿದೆ! ಕಥೆಯಲ್ಲಿ ಕೊನೆಗೆ 24ನೆಯ ಪ್ರಶ್ನೆಗೆ ರಾಜನಿಗೆ ಉತ್ತರವೇ ತೋಚುವುದಿಲ್ಲ, ಸುಮ್ಮನಿರುತ್ತಾನೆ. ಅಲ್ಲಿಗೆ ಹೆಣ ಒಲಿಯುತ್ತದೆ, ತನ್ನನ್ನು ಹೊರಲು ಕಳಿಸಿದ ಕಪಟ ಸನ್ಯಾಸಿಯ ಗುಟ್ಟನ್ನೂ ಹೇಳಿ ರಾಜನ ಜೀವ ಉಳಿಸುತ್ತದೆ.

ರಾಮಕುಂಡದ ನೀರು ಹರಿದು ಸೇರುವುದು ಪೈಠಣದ ನಾಥಸಾಗರಕ್ಕೇ. 1965ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ, 1976ರಲ್ಲಿ ಇಂದಿರಾ ಗಾಂಧಿಯವರು ಉದ್ಘಾಟಿಸಿದ ಜಾಯಕವಾಡಿ ಜಲಾಶಯ ಅದು. ಇನ್ನೊಂದು ನೋಡಿ. ನಮ್ಮ ಕಡೆಯ ಅನೇಕ ಮನೆಗಳಲ್ಲಿ ತಿಥಿ ಮಾಡುವಾಗ ಸಂಕಲ್ಪದಲ್ಲಿ ಗೋದಾವರಿಯ ದಕ್ಷಿಣ ತೀರ, ಶಾಲಿವಾಹನ ಶಕೆ ಅಂತ ಹೇಳಿಸುತ್ತಾರೆ. ಗದಗಿನಲ್ಲಿ ಕುಳಿತು ಸತ್ತವರನ್ನು ಕರೆದರೂ ಹೇಳುವ ನದಿ ಇದು, ಕೊಡುವ ಇಸವಿ ಪೈಠಣದ ಕುಂಬಾರರ ಮನೆಯಲ್ಲಿ ಬೆಳೆದ, ಮಣ್ಣಿನ ಸೈನಿಕರಿಗೆ ಜೀವ ಕೊಟ್ಟ ಅಂತ ಜನ ಹೇಳುವ ರಾಜನ ಹೆಸರಿನದು. (ಪೈಠಣದಲ್ಲೇ ನಿಂತರೆ ಮಾತ್ರ 'ಉತ್ತರ ತೀರ' ಅನ್ನಬೇಕು, ಊರು ಆಚೆ ದಡದಲ್ಲಿದೆ.)

ಸತ್ತವರು ಬಂದುಹೋಗುವುದು ಈ ಸೀಮೆಗೆ ರೂಢಿ. ಸಂತ ಏಕನಾಥರು (1533-1599) ಪೈಠಣದವರು. ತಿಥಿಯ ದಿನ ಅಡಿಗೆಯ ವಾಸನೆಗೆ, ಅಸ್ಪೃಶ್ಯರೆಂದು ದೂರ ಇಟ್ಟಿದ್ದ ಬಡವರ ಮಗು ಹಸಿದು ನಿಂತಿತು. ಏಕನಾಥ, ಗಿರಿಜಾಬಾಯಿ ಆ ಅಡಿಗೆಯನ್ನು ಅವರಿಗೇ ಬಡಿಸಿದರು. ಊರ ಬ್ರಾಹ್ಮಣರು ಬಹಿಷ್ಕಾರ ಹಾಕಿದರು. ಆಗ ಪಿತೃಗಳೇ ಖುದ್ದಾಗಿ ಬಂದು ಎಲೆಯ ಮುಂದೆ ಕುಳಿತು ಉಂಡರಂತೆ! ಅಲ್ಲಿಂದ ದೂರವಲ್ಲದ ನೇವಾಸೆಯಲ್ಲಿ ಇನ್ನೊಂದು. ಚಿತೆಗೆ ಹೊರಟಿದ್ದ ಸಚ್ಚಿದಾನಂದನ ಹೆಂಡತಿ ಜ್ಞಾನೇಶ್ವರರಿಗೆ ನಮಸ್ಕರಿಸಿದಳು, ಅವರು ವಾಡಿಕೆಯಂತೆ ಸೌಭಾಗ್ಯವತಿಯಾಗು ಅಂದರು, ಗಂಡ ಎದ್ದು ಕುಳಿತ ಅಂತ ಐತಿಹ್ಯ. 1290ರ ಜ್ಞಾನೇಶ್ವರಿಯ ಕೊನೆಯಲ್ಲಿ ಬರೆದುಕೊಂಡವನ ಹೆಸರಾಗಿ ಸಚ್ಚಿದಾನಂದ ಬಾಬಾ ನಿಜವಾಗಿಯೂ ಇದ್ದಾನೆ. ಸತ್ತು ಎದ್ದವನಿಗೂ ಸಿಕ್ಕಿದ್ದು ಗುಮಾಸ್ತಿಕೆಯೇ, ನಮ್ಮ ಜಾತಿಯವನು :-)

ಕನ್ನಡದಲ್ಲಿ ಈ ಎಳೆ ಎರಡು ಕಡೆ ದೊಡ್ಡದಾಗಿ ಬೆಳೆದಿದೆ. ಬಾಣನ ಕಾದಂಬರಿಗೆ ಬೃಹತ್ಕಥೆಯೇ ಮೂಲ, ಅದನ್ನು ಕನ್ನಡಕ್ಕೆ ತಂದವನು 10ನೆಯ ಶತಮಾನದ ನಾಗವರ್ಮ. ಅದರ ನಾಯಕಿ ಕಾದಂಬರಿ, ಸತ್ತರೂ ಕೆಡದ ಚಂದ್ರಾಪೀಡನ ದೇಹವನ್ನು ಕಾಯುತ್ತ ಕೂರುತ್ತಾಳೆ. ಬಾಣ ಅದನ್ನು ಮುಗಿಸದೆ ಸತ್ತ, ಉಳಿದದ್ದನ್ನು ಮಗ ಮುಗಿಸಿದ. ಇವತ್ತು ಕನ್ನಡ, ಮರಾಠಿ ಎರಡರಲ್ಲೂ ನಾವೆಲ್ಲಿಗೆ ಕಾದಂಬರಿ ಅನ್ನುತ್ತೇವೆ. ಹೆಣ ಕಾದವಳ ಹೆಸರು ಅದು ಅಂತ ಯಾರಿಗೂ ಅನ್ನಿಸುವುದಿಲ್ಲ. ಇನ್ನೊಂದು, ಗಿರೀಶ ಕಾರ್ನಾಡರ ಹಯವದನ (1971). ಗಂಡ ಮತ್ತು ಅಣ್ಣನ ತಲೆಗಳನ್ನು ಅದಲುಬದಲು ಅಂಟಿಸಿದ ಹುಡುಗಿಯ ಬೇತಾಳ ಕಥೆ, ಥಾಮಸ್ ಮಾನ್ (1940) ಕೈ ದಾಟಿ ಕಾರ್ನಾಡರ ಬಳಿ ಬಂತು. ತಲೆಯೇ ಮುಖ್ಯ, ತಲೆ ಇದ್ದವನೇ ಗಂಡ ಅಂತ ರಾಜ ಕೈ ತೊಳೆದುಕೊಂಡ. ಕಾರ್ನಾಡರು ಹಾಗೆ ಬಿಡಲಿಲ್ಲ, ನಗಿಸುತ್ತ ನಗಿಸುತ್ತ ಮೂವರನ್ನೂ ಬೆಂಕಿಯವರೆಗೆ ಒಯ್ದರು. ಅಂದ ಹಾಗೆ ಕಾರ್ನಾಡರು ಹುಟ್ಟಿದ್ದು ಮಹಾರಾಷ್ಟ್ರದ ಮಾಥೇರಾನಿನಲ್ಲಿ.

ಸೋಮದೇವ ಈ ಕಥೆಗಳನ್ನೆಲ್ಲ ಬರೆದದ್ದು ಒಬ್ಬ ರಾಣಿಯ ಮನಸ್ಸಿಗೆ ಸ್ವಲ್ಪ ಹಗುರವಾಗಲಿ ಅಂತ. ಕಾಶ್ಮೀರದ ಅನಂತರಾಜನ ಹೆಂಡತಿ ಸೂರ್ಯವತಿ. 1063ರಲ್ಲಿ ಅನಂತ ಮಗ ಕಲಶನಿಗೆ ಪಟ್ಟ ಬಿಟ್ಟುಕೊಟ್ಟ, ಆಮೇಲೆ ಅಪ್ಪ-ಮಗನ ನಡುವೆ ವೈರ ಬೆಳೆಯಿತು. 1081ರಲ್ಲಿ ಅನಂತ ತನ್ನ ಪ್ರಾಣ ತಾನೇ ತೆಗೆದುಕೊಂಡ. ಸೂರ್ಯವತಿ ಅದೇ ಚಿತೆ ಏರಿದಳು ಅಂತ ಕಲ್ಹಣ ರಾಜತರಂಗಿಣಿಯಲ್ಲಿ ಬರೆದಿದ್ದಾನೆ. ಮಂದಾರವತಿಯ ಕಥೆ ಕೇಳಿದ್ದ ಹೆಂಗಸು ಅವಳು.

ಕನ್ನಡದಲ್ಲಿ ಓದಬೇಕೆನ್ನುವವರಿಗೆ ಎ. ಆರ್. ಕೃಷ್ಣಶಾಸ್ತ್ರಿಗಳ 'ಕಥಾಮೃತ' ಇದೆ. ಊರಿಗೆ ಹೋದಾಗ ಹಳೇ ಪುಸ್ತಕದ ಅಂಗಡಿಗಳಲ್ಲಿ ಕೇಳಿ ನೋಡಿ.